ಜಾವಾ ಪ್ರಾಜೆಕ್ಟಿಗೆ ಸ್ಕೀಮಾಕ್ರಾಲರ್ ಸೇರಿಸಿದ್ದು: ನನ್ನ ಅನುಭವ

ಡೇಟಾಬೇಸಿನಲ್ಲಿ ಯಾವ ಟೇಬಲ್‌ಗಳಿವೆ, ಯಾವ ಫಾರಿನ್ ಕೀ (ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ) ಎಲ್ಲಿಗೆ ಕೂಡುತ್ತದೆ ಎಂಬುದನ್ನು, ಜಾವಾದಿಂದ ಡೇಟಾಬೇಸ್ ಜೊತೆ ಮಾತಾಡಿಸುವ ಜೆಡಿಬಿಸಿಯ ಡೇಟಾಬೇಸ್‌ಮೆಟಾಡೇಟಾದಿಂದಲೇ ತಿಳಿಯಬಹುದು. ಆದರೆ ಅದು ಕೈಗಿಡುವುದು ಬರೀ ಸಾಲುಗಳ ಪಟ್ಟಿಯಾದ ರಿಸಲ್ಟ್‌ಸೆಟ್. ಎರಡು ಕಾಲಂ ಸೇರಿ ಆದ ಫಾರಿನ್ ಕೀ ಎರಡು ಸಾಲಾಗಿ ಬರುತ್ತದೆ, ಜೋಡಿಸುವ ಪಾಡು ನಮ್ಮದು. ಆ ತಾಪತ್ರಯ ಬೇಡವೆಂದು ಡೇಟಾಬೇಸಿನ ರಚನೆಯನ್ನು, ಅಂದರೆ ಸ್ಕೀಮಾವನ್ನು, ಓದಿಕೊಡುವ ಸ್ಕೀಮಾಕ್ರಾಲರ್ ಎಂಬ ಓಪನ್ ಸೋರ್ಸ್ ಲೈಬ್ರರಿಯನ್ನು ಆರಿಸಿಕೊಂಡೆ.

ಸೇರಿಸುವ ಕೆಲಸ ಚಿಕ್ಕದು. ಜಾವಾ ಲೈಬ್ರರಿಗಳ ಭಂಡಾರವಾದ ಮೇವನ್ ಸೆಂಟ್ರಲ್‌ನಲ್ಲಿ ಅದರ ಗ್ರೂಪ್ ಐಡಿ ‘ಯುಎಸ್ ಡಾಟ್ ಫತೇಹಿ’. ಮೂಲ ಲೈಬ್ರರಿ ಒಂದು, ನನ್ನ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಪ್ಲಗಿನ್ ಇನ್ನೊಂದು, ಒಟ್ಟು ಎರಡು ಡಿಪೆಂಡೆನ್ಸಿ. ಎರಡರ ಆವೃತ್ತಿಯೂ ಹೊಂದಬೇಕಾದ್ದರಿಂದ ಆವೃತ್ತಿ ಸಂಖ್ಯೆಯನ್ನು ಒಂದೇ ಪ್ರಾಪರ್ಟಿಯಲ್ಲಿಟ್ಟೆ. ಜೆಡಿಬಿಸಿ ಡ್ರೈವರ್ ಪ್ರಾಜೆಕ್ಟಿನಲ್ಲಿ ಮೊದಲೇ ಇತ್ತು. ಇಲ್ಲದವರಿಗೆ ‘ನೋ ಸೂಟಬಲ್ ಡ್ರೈವರ್’ ಎಂಬ ಹಳೆಯ ದೂರು ಕಾದಿರುತ್ತದೆ. ಹೊಸದಾಗಿ ಸೇರಿಸಿದ ಎರಡಕ್ಕೂ ಸ್ಕೋಪ್ ‘ಟೆಸ್ಟ್’ ಎಂದೇ ಕೊಟ್ಟೆ. ಸ್ಕೀಮಾ ತಪಾಸಣೆ ಮಾಡುವ ಲೈಬ್ರರಿಗೆ ಪ್ರೊಡಕ್ಷನ್‌ನಲ್ಲೇನು ಕೆಲಸ?

ಗಮನ ಬೇಡುವುದು ಎಷ್ಟು ಓದಬೇಕು ಎಂದು ಹೇಳುವ ಕಡೆ. ಏನನ್ನೂ ಹೇಳದಿದ್ದರೆ ಡೇಟಾಬೇಸಿನ ಸ್ವಂತ ಸ್ಕೀಮಾಗಳನ್ನೂ (ಇಲ್ಲಿ ಸ್ಕೀಮಾ ಎಂದರೆ ಟೇಬಲ್‌ಗಳ ಗುಂಪು) ಅದು ಕೆದಕುತ್ತದೆ. ಲಿಮಿಟ್ ಆಪ್ಷನ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಕೊಟ್ಟು ‘ಪಬ್ಲಿಕ್’ ಸ್ಕೀಮಾ ಒಂದಕ್ಕೇ ಬೇಲಿ ಹಾಕಿದೆ. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ನೆನಪಿಡಿ: ಅಲ್ಲಿ ಸ್ಕೀಮಾದ ಪೂರ್ಣ ಹೆಸರಿನಲ್ಲಿ ಡೇಟಾಬೇಸಿನ ಹೆಸರೂ ಸೇರಿರುತ್ತದೆ. ಎಷ್ಟು ವಿವರ ಬೇಕೆಂದು ಹೇಳುವ ಇನ್ಫೋ ಲೆವೆಲ್ ‘ಸ್ಟ್ಯಾಂಡರ್ಡ್’ ಸಾಕಾಯಿತು. ಕಾಲಂ, ಕೀ, ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಎಲ್ಲ ಅದರಲ್ಲೇ ಸಿಗುತ್ತವೆ. ‘ಮ್ಯಾಕ್ಸಿಮಮ್’ ಎಂದರೆ ಟ್ರಿಗರ್‌ಗಳನ್ನೂ ವ್ಯೂಗಳ (ಟೇಬಲ್ಲಿನಂತೆ ಕಾಣುವ, ಉಳಿಸಿಟ್ಟ ಕ್ವೆರಿಗಳ) ಒಳಗನ್ನೂ ಹೊತ್ತು ತರುತ್ತದೆ, ನಿಧಾನವೂ ಹೌದು.

ಮುಂದೆ ಗೆಟ್‌ಕ್ಯಾಟಲಾಗ್ ಕರೆದರೆ ಟೇಬಲ್, ಕಾಲಂ, ಕೀ ಎಲ್ಲವೂ ಸಾದಾ ಜಾವಾ ಆಬ್ಜೆಕ್ಟ್‌ಗಳಾಗಿ ಕೈಗೆ ಬರುತ್ತವೆ. ಅದರ ಮೇಲೆ ಜೆಯೂನಿಟ್ ಟೆಸ್ಟ್‌ಗಳನ್ನು ಬರೆದೆ. ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀ) ಇಲ್ಲದ ಟೇಬಲ್ ಸಿಕ್ಕರೆ ಒಂದು ಟೆಸ್ಟ್ ಬೀಳುತ್ತದೆ; ಇಲ್ಲಿ ವ್ಯೂ ಕೂಡ ಒಂದು ಬಗೆಯ ಟೇಬಲ್ಲೇ ಆದ್ದರಿಂದ ಅವನ್ನು ಬಿಟ್ಟು ನೋಡಬೇಕು. ಇನ್ನೊಂದು ಟೆಸ್ಟ್ ನನಗೆ ಹೆಚ್ಚು ಬೆಲೆಬಾಳುವುದು. ಪೋಸ್ಟ್‌ಗ್ರೆಸ್ ಪ್ರೈಮರಿ ಕೀಗೆ ತಾನೇ ಇಂಡೆಕ್ಸ್ ಕಟ್ಟುತ್ತದೆ, ಫಾರಿನ್ ಕೀ ಕಾಲಂಗೆ ಕಟ್ಟುವುದಿಲ್ಲ. ಮೂಲ ಟೇಬಲ್ಲಿನಲ್ಲಿ ಒಂದು ಸಾಲು ಅಳಿಸಲು ಹೊರಟರೆ ಅದಕ್ಕೆ ಫಾರಿನ್ ಕೀಯಿಂದ ಕೂಡಿದ ಮಗು ಟೇಬಲ್ಲನ್ನು ಇಡಿಯಾಗಿ ತಡಕಬೇಕಾಗಬಹುದು. ಹಾಗಾಗಿ ಪ್ರತಿ ಫಾರಿನ್ ಕೀಯ ಕಾಲಂಗಳಿಂದ ಶುರುವಾಗುವ ಇಂಡೆಕ್ಸ್ ಇದೆಯೇ ಎಂದು ಆ ಟೆಸ್ಟ್ ಹುಡುಕುತ್ತದೆ.

ಟೆಸ್ಟ್‌ಕಂಟೇನರ್ಸ್ (ಟೆಸ್ಟ್‌ಗಾಗಿ ತಾತ್ಕಾಲಿಕ ಡೇಟಾಬೇಸ್ ನಡೆಸುವ ಲೈಬ್ರರಿ) ಎಬ್ಬಿಸಿದ ಖಾಲಿ ಡೇಟಾಬೇಸಿನ ಮೇಲೆ, ಸ್ಕೀಮಾ ಬದಲಿಸುವ ಸ್ಕ್ರಿಪ್ಟ್‌ಗಳಾದ ಮೈಗ್ರೇಶನ್‌ಗಳೆಲ್ಲ ಓಡಿದ ಬಳಿಕ ಈ ಟೆಸ್ಟ್‌ಗಳ ಸರದಿ. ಇಂಡೆಕ್ಸ್ ಮರೆತ ಮೈಗ್ರೇಶನ್ ಈಗ ಮರ್ಜ್ ಆಗುವ ಮೊದಲೇ, ಟೇಬಲ್ ಮತ್ತು ಕಾಲಂ ಹೆಸರಿನ ಸಮೇತ, ಬಿಲ್ಡ್‌ನಲ್ಲಿ ನಿಲ್ಲುತ್ತದೆ.