ಸೆಟ್‌ನಲ್ಲಿ ಮಗಳ ಜೊತೆ 16 ತಿಂಗಳು

ನನ್ನ ಮಗಳು ಧಾರಾವಾಹಿಗೆ ಹೋದದ್ದು 2022ರಲ್ಲಿ, ಅವಳಿಗೆ 7 ವರ್ಷ ತುಂಬಿದಾಗ. ಆಡಿಷನ್‌ಗೆ ಬಂದಿದ್ದ ಮಕ್ಕಳಲ್ಲಿ ಹೆಚ್ಚಿನವರು ಡೈಲಾಗ್ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಇವಳಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ. ಎದುರು ಕೂತವರು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ಆಮೇಲೆ ಮಾತಾಡಿದಳು. ಅದಕ್ಕೇ ಆರಿಸಿದ್ದು ಅಂತ ನಿರ್ದೇಶಕರು ಹೇಳಿದರು.

ಒಪ್ಪುವ ಮೊದಲು ನಾನು ನಿಯಮ ಓದಿಕೊಂಡೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, ಮರುವರ್ಷ ಅದರ ನಿಯಮಗಳು ಬಂದವು. ನಟಿಸುವ ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ವಿಶ್ರಾಂತಿ ಕೊಡದೆ 3 ಗಂಟೆ ಮೀರುವಂತಿಲ್ಲ. ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಆಗಬೇಕು. ನಾವು ಓಡಾಟದ ಖರ್ಚು ಬಿಟ್ಟು ಉಳಿದದ್ದೆಲ್ಲ ಅವಳ ಹೆಸರಿಗೇ ಹಾಕಿದೆವು. ಅದು ಅವಳ ದುಡ್ಡು, ಅಲ್ವಾ?

ಶೂಟಿಂಗ್ ಮನೆ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿತ್ತು. ಬೆಳಿಗ್ಗೆ 9ಕ್ಕೆ ಬನ್ನಿ ಅನ್ನುತ್ತಿದ್ದರು. ಒಮ್ಮೊಮ್ಮೆ ಮೊದಲ ಶಾಟ್ ಸಂಜೆ 4ಕ್ಕೆ. ಮಕ್ಕಳು ಸುಸ್ತಾಗುವುದು ನಟಿಸಿ ಅಲ್ಲ, ಮೇಕಪ್ ಹಾಕಿಕೊಂಡು ಸುಮ್ನೆ ಕಾದು ಕಾದು. ನಾನೊಂದು ಪುಸ್ತಕ ಇಟ್ಟೆ. ಬಂದ ಹೊತ್ತು, ಮೇಕಪ್ ಆದ ಹೊತ್ತು, ಮೊದಲ ಶಾಟ್, ಹೊರಟ ಹೊತ್ತು. ಎರಡು ವಾರ ಬರೆದು ಮ್ಯಾನೇಜರ್‌ಗೆ ತೋರಿಸಿದೆ. ಜಗಳ ಬೇಕಾಗಲೇ ಇಲ್ಲ. ಅವತ್ತಿನಿಂದ ಅವಳ ದೃಶ್ಯಗಳನ್ನು 10ರಿಂದ 3ರ ಒಳಗೆ ಮುಗಿಸತೊಡಗಿದರು.

ಡೈಲಾಗ್ ಹಾಳೆ ಬರುತ್ತಿದ್ದದ್ದು ಅವತ್ತೇ ಬೆಳಿಗ್ಗೆ. ಸಹಾಯಕರು ಕ್ಯಾಮೆರಾ ಪಕ್ಕ ನಿಂತು ಸಾಲು ಹೇಳಿಕೊಡುತ್ತಾರೆ, ಮರೆಯುವ ಭಯ ಇಲ್ಲ. ಆದರೆ ದೊಡ್ಡವರು ಎಳೆದ ರಾಗವನ್ನೇ ಮಗು ಎಳೆಯುತ್ತದೆ. ಅದಕ್ಕೆ ನಾನು ಸಾಲುಗಳನ್ನು ಸಪ್ಪೆಯಾಗಿ ಓದಿ, "ಅಜ್ಜಿ ನಿಂಗೆ ಏನಂದ್ರು, ಅದನ್ನು ಹೇಳು" ಅಂತಿದ್ದೆ. ಎದುರಿನವರ ಮಾತು ಕಿವಿಗೆ ಬಿದ್ದರೆ ತನ್ನ ಮಾತು ತಾನಾಗಿ ಬರುತ್ತಿತ್ತು.

ಮೂರನೇ ವಾರ ಒಂದು ಅಳುವ ದೃಶ್ಯ ಬಂತು. ನಾನು ಊಟಕ್ಕೆ ಹೋಗಿದ್ದೆ. ಯೂನಿಟ್‌ನ ಒಬ್ಬರು ಅವಳ ಹತ್ತಿರ, "ನಿಮ್ಮಮ್ಮ ನಿನ್ನ ಬಿಟ್ಟು ಊರಿಗೆ ಹೋದ್ರು" ಅಂದುಬಿಟ್ಟರು. ಅವಳು ನಿಜವಾಗಿ ಅತ್ತಳು. ಶಾಟ್ ಒಂದೇ ಸಲಕ್ಕೆ ಓಕೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ರಾತ್ರಿ ಅವಳು ನನ್ನ ದುಪಟ್ಟಾವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದಳು.

ಮರುದಿನ ನಿರ್ದೇಶಕರಿಗೆ, "ಸರ್, ಸುಳ್ಳು ಹೇಳಿ ಅಳಿಸಬೇಡಿ. ನನಗೆ ಅರ್ಧ ಗಂಟೆ ಕೊಡಿ, ನಾನು ಸಿದ್ಧ ಮಾಡ್ತೀನಿ" ಅಂದೆ. ಅವರು ಒಪ್ಪಿದರು. ಮುಂದಿನ ಅಳುವ ದೃಶ್ಯ ಬಂದಾಗ ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ ಕೇಳಿದೆ: "ಶಾಲೇಲಿ ಬಿದ್ದಾಗ, ಅಳಬಾರದು ಅಂತ ಏನು ಮಾಡ್ತೀಯಾ ಪುಟ್ಟಿ?" ತುಟಿ ಕಚ್ಚಿಕೊಂಡಳು. ಮೇಲೆ ನೋಡಿದಳು. ಉಸಿರನ್ನು ಚೂರುಚೂರಾಗಿ ಎಳೆದುಕೊಂಡಳು. "ಅದನ್ನೇ ಮಾಡು, ಸಾಕು" ಅಂದೆ. ಕಣ್ಣೀರು ಬರಿಸಲು ಹಾಕುವ ಗ್ಲಿಸರಿನ್ ಕಣ್ಣಿಗೆ ಬೇಡ ಎಂದು ಕೇಳಿಕೊಂಡಿದ್ದೆ, ಮೇಕಪ್‌ನವರು ಕೆನ್ನೆಯ ಮೇಲೆ ಮಾತ್ರ ಒಂದು ಹನಿ ಇಟ್ಟರು. ಶಾಟ್ ನೋಡಿ ಅಜ್ಜಿ ಪಾತ್ರದವರೇ ಕಣ್ಣು ಒರೆಸಿಕೊಂಡರು. ಕಟ್ ಅಂದ ತಕ್ಷಣ ನಾವಿಬ್ಬರೂ ನಲ್ಲಿ ಹತ್ತಿರ ಹೋಗಿ ಮುಖ ತೊಳೆದು ಪಾತ್ರಕ್ಕೆ ಟಾಟಾ ಹೇಳಿದೆವು. ಆಮೇಲೆ ಪ್ರತಿ ಅಳುವ ದೃಶ್ಯದ ನಂತರವೂ ಅದನ್ನು ತಪ್ಪಿಸಲಿಲ್ಲ.

ಒಂದು ರಾತ್ರಿ ಅವಳ ಮುಂದಿನ ಹಲ್ಲು ಬಿತ್ತು. ಹಿಂದಿನ ದಿನದ ದೃಶ್ಯ ಅರ್ಧ ಬಾಕಿ ಇತ್ತು, ಒಂದೇ ದೃಶ್ಯದಲ್ಲಿ ಹಲ್ಲು ಇದ್ದು ಇಲ್ಲದಂತಾಗಿ ಕಂಟಿನ್ಯೂಟಿ ಕೆಡುತ್ತದೆ. ರಾತ್ರಿಯೇ ಫೋನ್ ಮಾಡಿದೆ. ಬೆಳಿಗ್ಗೆ ಅವಳ ಸಾಲುಗಳು ಅಜ್ಜಿಯ ಬಾಯಿಗೆ ಹೋಗಿದ್ದವು, ಇವಳದ್ದು ಬಾಯಿ ಮುಚ್ಚಿದ ರಿಯಾಕ್ಷನ್ ಮಾತ್ರ. ಹಲ್ಲು ಅಲ್ಲಾಡಲು ಶುರುವಾದಾಗಲೇ ತಿಳಿಸಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ.

ಇನ್ನೊಂದು ದೊಡ್ಡ ವಿಷಯವನ್ನೂ ನಾನು ಮೊದಲೇ ಅವಳಿಗೆ ಹೇಳಲಿಲ್ಲ. 16 ತಿಂಗಳಾದ ಮೇಲೆ ಕಥೆ "10 ವರ್ಷಗಳ ನಂತರ" ಅಂತ ಮುಂದೆ ಜಿಗಿಯಿತು. ಅವಳ ಪಾತ್ರಕ್ಕೆ ದೊಡ್ಡ ಹುಡುಗಿ ಬಂದಳು. ಟಿವಿ ಮುಂದೆ ಕೂತು ಇವಳು ಕೇಳಿದಳು: "ನಾನು ಚೆನ್ನಾಗಿ ಮಾಡ್ಲಿಲ್ವಾ ಅಮ್ಮಾ?" ಪಾತ್ರ ಬೆಳೆಯುತ್ತದೆ, ಆಗ ನಿನ್ನ ಕೆಲಸ ಮುಗಿಯುತ್ತದೆ ಅಂತ ಮೊದಲ ದಿನವೇ ಹೇಳಬೇಕಿತ್ತು. ಅದು ನನ್ನದೇ ತಪ್ಪು. ಎಷ್ಟೋ ದಿನ ಅವಳು ಬೆಳಿಗ್ಗೆ ಎದ್ದು, "ಇವತ್ತು ಕಾಲ್ ಬಂತಾ?" ಅಂತ ಕೇಳುತ್ತಿದ್ದಳು.

ಮುಂದಿನ ಬೇಸಿಗೆಗೆ ಮೈಸೂರಿನ ಅಜ್ಜಿ ಮನೆಯಲ್ಲಿ ಬಿಟ್ಟು ರಂಗಾಯಣದ ಚಿಣ್ಣರ ಮೇಳಕ್ಕೆ, ಅಂದರೆ ಮಕ್ಕಳ ಬೇಸಿಗೆ ರಂಗ ಶಿಬಿರಕ್ಕೆ, ಸೇರಿಸಿದೆ. ಅಲ್ಲಿ ಕ್ಲೋಸಪ್ ಇಲ್ಲ, ಹೆಸರು ಹಿಡಿದು ಗುರುತಿಸುವವರಿಲ್ಲ. ಮಣ್ಣು, ಬಣ್ಣ, ಹಾಡು, ಒಂದು ರಾಶಿ ಮಕ್ಕಳು. ಕೊನೆಯ ನಾಟಕದಲ್ಲಿ ಅವಳು ಹಲವು ಕಾಗೆಗಳಲ್ಲಿ ಒಂದು ಕಾಗೆ. ಎರಡೇ ಸಾಲು ಮಾತು. ನಾಟಕ ಮುಗಿದ ಮೇಲೆ ಹುಡುಕಿಕೊಂಡು ಹೋದೆ. ನಲ್ಲಿ ಹತ್ತಿರ ನಾಲ್ಕು ಪುಟ್ಟ ಕಾಗೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು, ಮುಖದ ಮಸಿ ತೊಳೆಸುತ್ತಾ, "ಟಾಟಾ ಕಾಗೆ ಅನ್ನಿ" ಅಂತ ಹೇಳಿಕೊಡುತ್ತಿದ್ದಳು.