ರೋಲ್ 400ರದ್ದು, ಕ್ಯಾಮೆರಾ ನಂಬುವುದು 1600

ರಾತ್ರಿ ಹನ್ನೊಂದು, ಯಕ್ಷಗಾನದ ರಂಗಸ್ಥಳ. ಕೈಯಲ್ಲಿ ಹಳೆಯ ಆಟೋಮ್ಯಾಟಿಕ್ ಕ್ಯಾಮೆರಾ, ಒಳಗೆ 400ರ ಕಪ್ಪು-ಬಿಳುಪು ರೋಲ್. ಈ ಅಂಕಿ ಐಎಸ್‌ಒ, ಅಂದರೆ ಫಿಲ್ಮಿನ ವೇಗ: ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ಫ್ಲ್ಯಾಶ್ ಹಾಕಿದರೆ ಮುಖವರ್ಣಿಕೆಯ ಅಂದ ಹೋಗುತ್ತದೆ, ಹಾಕದಿದ್ದರೆ ಕುಣಿತವೆಲ್ಲ ಮಸುಕು. 1600ಕ್ಕೆ ಏರಿಸೋಣ ಅಂದರೆ ಐಎಸ್‌ಒ ಗುಂಡಿಯೇ ಇಲ್ಲ.

ಇಂಥ ಕ್ಯಾಮೆರಾ ಓದುವುದು ರೋಲಿನ ಡಬ್ಬಿಯ ಮೈಮೇಲಿನ ಡಿಎಕ್ಸ್ ಕೋಡನ್ನು. ಕೊಡಕ್ 1983ರಲ್ಲಿ ತಂದದ್ದು. ಚೌಕಾಬಾರದ ಮನೆಗಳ ಹಾಗೆ ಎರಡು ಸಾಲು, ಸಾಲಿಗೆ ಆರು ಮನೆ. ಬರೀ ಲೋಹವಿದ್ದಲ್ಲಿ ಕರೆಂಟ್ ಹರಿಯುತ್ತದೆ, ಬಣ್ಣವಿದ್ದಲ್ಲಿ ಇಲ್ಲ. ಕ್ಯಾಮೆರಾದ ಪಿನ್ನುಗಳಿಗೆ ತಿಳಿಯುವುದು ಅಷ್ಟೇ. ಒಳಗೆ ಯಾವ ಫಿಲ್ಮ್ ಇದೆಯೋ ಅವಕ್ಕೇನು ಗೊತ್ತು?

ಫಿಲ್ಮ್ ಸುತ್ತಿದ ಸ್ಪೂಲಿನ ಹೊರಚಾಚಿದ ತುದಿ ಎಡಕ್ಕೆ ಬರುವಂತೆ ಡಬ್ಬಿ ಹಿಡಿಯಿರಿ. ಮೇಲಿನ ಸಾಲು ವೇಗದ್ದು. ಮೊದಲ ಮನೆ ಯಾವಾಗಲೂ ಲೋಹ, ಅದನ್ನು ಮುಟ್ಟಬೇಡಿ. 400ರ ರೋಲಿನಲ್ಲಿ ಎರಡು ಮತ್ತು ಮೂರನೆಯ ಮನೆಗೆ ಬಣ್ಣ, ನಾಲ್ಕು ಮತ್ತು ಐದು ಲೋಹ, ಆರನೆಯದಕ್ಕೆ ಮತ್ತೆ ಬಣ್ಣ. ಹಾಗೆ ಕಾಣದಿದ್ದರೆ ಡಬ್ಬಿ ತಿರುಗುಮುರುಗಾಗಿದೆ ಎಂದರ್ಥ.

ಈಗ ಬ್ಲೇಡಿನ ತುದಿಯಿಂದ ಮೂರನೆಯ ಮನೆಯ ಬಣ್ಣ ಕೆರೆಯಿರಿ. ಲೋಹ ಹೊಳೆಯಿತಾ? 1600 ಆಯಿತು. ಅದರ ಬದಲು ಎರಡನೆಯದನ್ನು ಕೆರೆದರೆ 800, ಎರಡನ್ನೂ ಕೆರೆದರೆ 3200. ಫಿಲ್ಮ್ ಹೊರಬರುವ ಸೀಳಿನ ಕಡೆಗೆ ಪುಡಿ ಹೋಗದಂತೆ ಒರೆಸಿ. ಒಂದು ಕಣ ಸಿಕ್ಕಿಕೊಂಡರೂ ರೋಲಿನುದ್ದಕ್ಕೂ ಗೀರು ಬೀಳುತ್ತದೆ. ಅಗ್ಗದ ಕೆಲವು ಕ್ಯಾಮೆರಾಗಳು ಒಂದೆರಡು ಮನೆ ಮಾತ್ರ ಓದುತ್ತವೆ, ಅವುಗಳ ಹತ್ತಿರ ಈ ಆಟ ನಡೆಯುವುದಿಲ್ಲ.

ಇಳಿಸುವುದು ಇನ್ನೂ ಸುಲಭ. ಅವಧಿ ಮುಗಿದ 200ರ ಕಲರ್ ರೋಲಿಗೆ ಬೆಳಕು ಜಾಸ್ತಿ ಬೇಕಲ್ವಾ? ಎರಡನೆಯ ಮನೆಗೆ ತೆಳುವಾದ ಟೇಪ್ ಅಂಟಿಸಿ, 100 ಆಗುತ್ತದೆ. ದಪ್ಪ ಟೇಪ್ ಬೇಡ, ಅಂಚು ಎದ್ದು ಡಬ್ಬಿ ಒಳಗೇ ಸಿಕ್ಕಿಕೊಂಡೀತು.

ಕೋಡೇ ಇಲ್ಲದ ಡಬ್ಬಿಯನ್ನು ಹೆಚ್ಚಿನ ಕ್ಯಾಮೆರಾಗಳು 100 ಎಂದುಕೊಳ್ಳುತ್ತವೆ. ಅಂಥದ್ದಕ್ಕೆ ಮೇಲಿನ ಸಾಲಿನುದ್ದಕ್ಕೂ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಎರಡು, ಮೂರು ಮತ್ತು ಆರನೆಯ ಮನೆಯ ಜಾಗಕ್ಕೆ ಟೇಪ್ ಹಾಕಿ. 400 ಸಿದ್ಧ. ಅಳತೆಗೆ ಪಕ್ಕದಲ್ಲೊಂದು ಹಳೆಯ ಡಬ್ಬಿ ಇಟ್ಟುಕೊಳ್ಳಿ.

ಡಬ್ಬಿಯ ಮೇಲೆ ಮಾರ್ಕರಿನಲ್ಲಿ ‘1600’ ಎಂದು ದೊಡ್ಡದಾಗಿ ಬರೆಯಿರಿ. ಲ್ಯಾಬಿನವರಿಗೂ ಹೇಳಿ, ಎರಡು ಸ್ಟಾಪ್ (ಒಂದೊಂದು ಸ್ಟಾಪ್ ಎಂದರೆ ವೇಗ ದುಪ್ಪಟ್ಟು) ಪುಶ್ ಮಾಡಿ, ಅಂದರೆ ಬೆಳಕಿನ ಕೊರತೆ ತುಂಬಲು ಹೆಚ್ಚು ಹೊತ್ತು ತೊಳೆಯಬೇಕು. ನಾನು ಮೊದಲ ಸಲ ಹೇಳುವುದನ್ನೇ ಮರೆತಿದ್ದೆ. ತೊಳೆದು ಬಂದ ನೆಗೆಟಿವ್ ಎಷ್ಟು ತೆಳುವಾಗಿತ್ತೆಂದರೆ, ಪ್ರಿಂಟಿನಲ್ಲಿ ವೇಷಧಾರಿಯ ಕಿರೀಟದ ಹೊಳಪು ಬಿಟ್ಟರೆ ಬೇರೇನೂ ಕಾಣಲಿಲ್ಲ.