ಹೂವಿನ ಸೆಂಟು ಕೊಳ್ಳುವ ಮುಂಚೆ, ಕೊಂಡ ಮೇಲೆ

ನಮ್ಮ ಚಿಕ್ಕಬಳ್ಳಾಪುರದ ಕಡೆಯ ಹೆಣ್ಣುಮಕ್ಕಳಿಗೆ ಹೂವಿನ ಘಮದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದುಂಡುಮಲ್ಲಿಗೆ ಯಾವ ಹೊತ್ತಿಗೆ ಬಿರಿಯುತ್ತದೆ, ಕಾಕಡ ಬೇಗ ಬಾಡುವುದಿಲ್ಲ ಆದರೆ ಘಮವಿಲ್ಲ, ವಾಸನೆಯಿಲ್ಲದ ಕನಕಾಂಬರಕ್ಕೆ ಮರುಗ ಸೇರಿಸಿ ಯಾಕೆ ಕಟ್ಟುತ್ತಾರೆ ಅನ್ನುವುದೆಲ್ಲ ಮನೆಮನೆಗೂ ಗೊತ್ತು. ಆದರೆ ಅದೇ ಹುಡುಗಿಯರು ಬೆಂಗಳೂರಿನ ಮಾಲ್‌ಗೆ ಹೋಗಿ ಸಾವಿರಾರು ರೂಪಾಯಿಯ ಸೆಂಟು ಕೊಳ್ಳುವಾಗ ಈ ತಿಳಿವಳಿಕೆಯನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಕಾಗದದ ಪಟ್ಟಿಗೆ ಹೊಡೆದು ಕೊಟ್ಟದ್ದನ್ನು ಒಂದು ಸಲ ಮೂಸಿ, ಬಾಟಲಿಯ ಚೆಂದ ನೋಡಿ, ಬಿಲ್ ಮಾಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಇಟಲಿಯ ಗುಚ್ಚಿ ಕಂಪನಿಯ ಬ್ಲೂಮ್ ತೆಗೆದುಕೊಳ್ಳೋಣ. 2017ರಲ್ಲಿ ಬಂದ ಸೆಂಟು, ತಿಳಿಗುಲಾಬಿ ಬಣ್ಣದ ಚೌಕ ಬಾಟಲಿ. ಇದನ್ನು ಕೂಡಿಸಿದವರು ಆಲ್ಬರ್ಟೊ ಮೊರಿಯಾಸ್. ಇದರಲ್ಲಿ ಮುಖ್ಯವಾಗಿ ಇರುವುದು ಮೂರೇ ಹೂ: ಮಲ್ಲಿಗೆ ಜಾತಿಯ ಮೊಗ್ಗು, ಸುಗಂಧರಾಜ, ಮತ್ತೆ ರಂಗೂನ್ ಕ್ರೀಪರ್. ಮೂರೂ ನಮ್ಮ ಕಣ್ಣೆದುರಿಗಿನವೇ. ರಂಗೂನ್ ಕ್ರೀಪರ್ ಅಂದರೆ ಗೇಟಿನ ಕಮಾನಿಗೆ ಹಬ್ಬಿಸುತ್ತಾರಲ್ಲ, ಗೊಂಚಲುಗೊಂಚಲಾಗಿ ಜೋತು ಬೀಳುವ ಬಳ್ಳಿ. ಸಂಜೆ ಬಿಳಿಯಾಗಿ ಅರಳುತ್ತದೆ, ಮಾರನೆಯ ದಿನ ಗುಲಾಬಿ, ಆಮೇಲೆ ಕೆಂಪು. ಘಮ ಹೆಚ್ಚಾಗಿ ರಾತ್ರಿ ಹೊತ್ತು. ಸುಗಂಧರಾಜವಂತೂ ಮದುವೆ ಹಾರದ ಹೂವು. ಗಿಡ ಮೂಲದಲ್ಲಿ ಮೆಕ್ಸಿಕೊದ್ದಾದರೂ ನಮ್ಮ ಹೊಲಗಳಲ್ಲಿ ಹುಟ್ಟಿದ್ದೇ ಅನ್ನುವಷ್ಟು ಒಗ್ಗಿಹೋಗಿದೆ. ಅದರಲ್ಲೂ ಒಂಟಿ ಸುತ್ತಿನ ಹೂವಿಗೆ ಘಮ ಜಾಸ್ತಿ, ಸೆಂಟಿನ ಸತ್ವ ತೆಗೆಯುವುದು ಅದರಿಂದಲೇ. ಜೋಡಿ ಸುತ್ತಿನದು ನೋಡಲು ತುಂಬಿಕೊಂಡಿರುತ್ತದೆ, ಅಲಂಕಾರಕ್ಕೆ ಹೋಗುತ್ತದೆ.

ಬ್ಲೂಮ್‌ನ ಗುಣ ಏನೆಂದರೆ, ಶುರುವಿನಿಂದ ಕೊನೆಯವರೆಗೂ ಅದು ಬಿಳಿ ಹೂವೇ. ಮೊದಲು ಸ್ವಲ್ಪ ಹಸಿ ಮೊಗ್ಗಿನ ವಾಸನೆ, ಆಮೇಲೆ ಸುಗಂಧರಾಜದ ಬೆಣ್ಣೆಯಂಥ ಮಂದ ಸಿಹಿ, ಕೊನೆಗೆ ಮೈಯಲ್ಲಿ ಪೌಡರ್ ಹಾಕಿಕೊಂಡಂಥ ಮೃದು ಘಮ. ಎಲ್ಲ ಸೆಂಟೂ ಹೀಗೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ಹೊಡೆಯುವುದು ನಿಂಬೆ, ಕಿತ್ತಳೆ ಥರದ ಹಗುರ ವಾಸನೆ. ಅದು ಒಗ್ಗರಣೆಯ ಘಮದ ಹಾಗೆ, ಮನೆಯೆಲ್ಲ ತುಂಬಿ ಬೇಗ ಹೋಗಿಬಿಡುತ್ತದೆ. ಹೂವು ಹೊರಗೆ ಬರುವುದು ಅದಾದ ಮೇಲೆ. ಶ್ರೀಗಂಧ, ಕಸ್ತೂರಿ, ವೆನಿಲ್ಲಾ ಥರದ ಭಾರದವು ಕೊನೆಗೆ ಉಳಿಯುತ್ತವೆ. ಅಂಗಡಿಯಲ್ಲಿ ನೀವು ಮೂಸುವುದು ಮೊದಲನೆಯದನ್ನು, ಇಡೀ ದಿನ ನಿಮ್ಮ ಜೊತೆ ಇರುವುದು ಮಿಕ್ಕ ಎರಡು. ಅದಕ್ಕೇ ಮಣಿಕಟ್ಟಿಗೆ ಒಂದು ಸಲ ಹೊಡೆಸಿಕೊಂಡು ಹೊರಗೆ ಬನ್ನಿ. ಊಟ ಮಾಡಿ, ಸೀರೆ ಅಂಗಡಿ ನೋಡಿ, ಬಿಸಿಲಲ್ಲಿ ನಾಲ್ಕು ಹೆಜ್ಜೆ ಓಡಾಡಿ. ಮೂರು ನಾಲ್ಕು ಗಂಟೆ ಕಳೆದ ಮೇಲೂ ಮೂಸಿದರೆ ಹಿತ ಅನ್ನಿಸಿತಾ? ಆಗ ದುಡ್ಡು ಕೊಡಿ. ಒಂದೇ ದಿನ ಎರಡು ಮೂರಕ್ಕಿಂತ ಹೆಚ್ಚು ಸೆಂಟು ನೋಡಬೇಡಿ, ಮೂಗು ಸೋತುಹೋಗುತ್ತದೆ.

ಬೆಲೆ ಯಾಕಿಷ್ಟು ಅಂತ ಕೇಳುತ್ತೀರಿ. ಬಾಟಲಿಗೆ, ಜಾಹೀರಾತಿಗೆ ಹೋಗುವ ದುಡ್ಡು ಇದ್ದೇ ಇದೆ. ಆದರೆ ನಿಜವಾದ ಹೂವಿನ ಸತ್ವಕ್ಕೂ ಬೆಲೆ ಜಾಸ್ತಿ. ಫ್ರಾನ್ಸಿನ ಜಾನ್ ಪತು ಕಂಪನಿ 1930ರಲ್ಲಿ ಜಾಯ್ ಅನ್ನುವ ಸೆಂಟು ತಂದಾಗ, ಸುಮಾರು 30 ಮಿಲಿಗೆ 10,600 ಮಲ್ಲಿಗೆ ಜಾತಿಯ ಹೂ, 28 ಡಜನ್ ಗುಲಾಬಿ ಬೇಕು ಅಂತಲೇ ಹೇಳಿಕೊಂಡಿತ್ತು. ಬೆಳಗಿನ ಜಾವ ಎದ್ದು ತೋಟದಲ್ಲಿ ಮೊಗ್ಗು ಬಿಡಿಸುವವರಿಗೆ ಆ ಲೆಕ್ಕದ ಹಿಂದಿನ ಕೈಗೆಲಸ ಎಷ್ಟೆಂದು ಗೊತ್ತು. ಹಾಗಂತ ಬಾಟಲಿಯಲ್ಲಿ ಇರುವುದೆಲ್ಲ ಹೂವಿನ ಸತ್ವ ಅಂದುಕೊಳ್ಳಬೇಡಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಆಲ್ಕೋಹಾಲ್, ಉಳಿದದ್ದರಲ್ಲೂ ಪ್ರಯೋಗಾಲಯದಲ್ಲಿ ಮಾಡಿದ್ದು ಬಹಳ. ಅದೇನೂ ಮೋಸವಲ್ಲ. ಕೆಲವು ಹೂಗಳಿಂದ ಸತ್ವ ಇಳಿಸಲು ಆಗುವುದೇ ಇಲ್ಲ. ಲೇಬಲ್ ಮೇಲೆ ಓ ದ ಪರ್ಫ್ಯೂಮ್ ಅಂತಿದ್ದರೆ ಸುಗಂಧದ ಪಾಲು ನೂರಕ್ಕೆ ಸುಮಾರು 15ರಿಂದ 20, ಓ ದ ಟಾಯ್ಲೆಟ್ ಅಂತಿದ್ದರೆ ಅದಕ್ಕಿಂತ ಕಡಿಮೆ. ಆಫೀಸಿಗೆ ಎರಡನೆಯದು ಸಾಕು.

ಬಿಳಿ ಹೂವಿನ ಸೆಂಟನ್ನು ಜಾಸ್ತಿ ಹೊಡೆದುಕೊಂಡರೆ ಪಕ್ಕದವರಿಗೆ ತಲೆನೋವು. ಮಲ್ಲಿಗೆ, ಸುಗಂಧರಾಜ ಎರಡರಲ್ಲೂ ಇಂಡೋಲ್ ಅನ್ನುವ ಅಂಶ ಇದೆ. ಒಂದು ಚೂರಿದ್ದರೆ ಅದೇ ಹೂವಿಗೆ ಜೀವ, ಹೆಚ್ಚಾದರೆ ನುಸಿಗುಳಿಗೆಯ ವಾಸನೆ. ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಬುಟ್ಟಿಗಟ್ಟಲೆ ಮಲ್ಲಿಗೆ ಇಟ್ಟವರಿಗೆ ಇದು ಗೊತ್ತೇ ಇರುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಒಂದೇ ಸಲ ಹೊಡೆದುಕೊಳ್ಳಿ, ನಂದಿಬೆಟ್ಟದ ಕಡೆಯಿಂದ ಚಳಿ ಬೀಸುವ ದಿನಗಳಲ್ಲಿ ಎರಡು. ಇನ್ನೊಂದು, ಇದನ್ನು ನಾನು ಬಲವಾಗಿ ಹೇಳುತ್ತೇನೆ: ಜಡೆಗೆ ಮಲ್ಲಿಗೆ ಮುಡಿದ ದಿನ ಸೆಂಟು ಬೇಡವೇ ಬೇಡ. ನಿಜವಾದ ಹೂವಿನ ಪಕ್ಕ ಯಾವ ದುಬಾರಿ ಬಾಟಲಿಯೂ ನಿಲ್ಲುವುದಿಲ್ಲ, ಎರಡೂ ಕೆಡುತ್ತವೆ. ಕನಕಾಂಬರವೋ ಕಾಕಡವೋ ಮುಡಿದರೆ ಹಾಕಿಕೊಳ್ಳಬಹುದು.

ಹಚ್ಚಿಕೊಳ್ಳುವುದು ಸ್ನಾನವಾಗಿ ಮೈ ಒರೆಸಿದ ಮೇಲೆ. ಒಣ ಚರ್ಮದ ಮೇಲೆ ಘಮ ನಿಲ್ಲುವುದಿಲ್ಲ, ವಾಸನೆಯಿಲ್ಲದ ವ್ಯಾಸಲೀನ್ ಒಂದಿಷ್ಟು ಸವರಿ ಅದರ ಮೇಲೆ ಹೊಡೆಯಿರಿ. ಕೊಬ್ಬರಿ ಎಣ್ಣೆ ಬೇಡ, ಅದಕ್ಕೆ ಅದರದೇ ವಾಸನೆ. ಮಣಿಕಟ್ಟು, ಕಿವಿಯ ಹಿಂದೆ, ಮೊಣಕೈ ಒಳಭಾಗ ಸಾಕು. ಎರಡೂ ಕೈ ಉಜ್ಜಿಕೊಳ್ಳುವ ಅಭ್ಯಾಸ ಬಿಡಿ. ರೇಷ್ಮೆ ಸೀರೆ ಮೇಲೆ ಹೊಡೆಯಲೇಬಾರದು, ಕಲೆ ಉಳಿಯುತ್ತದೆ, ಜರಿ ಕಪ್ಪಾಗಬಹುದು. ಮುತ್ತಿನ ಸರ ಇದ್ದರೆ ಸೆಂಟು ಆರಿದ ಮೇಲೆ ಹಾಕಿಕೊಳ್ಳಿ. ಒಲೆ ಉರಿಯುವಾಗ, ದೇವರ ದೀಪದ ಹತ್ತಿರ ಸ್ಪ್ರೇ ಮಾಡಬೇಡಿ, ಆಲ್ಕೋಹಾಲ್ ತಕ್ಷಣ ಬೆಂಕಿ ಹಿಡಿಯುತ್ತದೆ. ಮನೆಯಲ್ಲಿ ಎಳೆ ಕೂಸೋ, ಉಬ್ಬಸ ಇರುವ ಹಿರಿಯರೋ ಇದ್ದರೆ ಕೋಣೆಯಿಂದ ಹೊರಗೆ ಹೋಗಿ ಹಚ್ಚಿಕೊಂಡು ಬನ್ನಿ.

ಬಾಟಲಿಯನ್ನು ಅದರ ಡಬ್ಬಿಯಲ್ಲೇ ಇಟ್ಟು ಬೀರುವಿನೊಳಗೆ ಇಡಿ. ಕನ್ನಡಿ ಮುಂದೆ ಸಾಲಾಗಿ ಜೋಡಿಸಿದರೆ ಚೆಂದ ಕಾಣಬಹುದು, ಆದರೆ ಬೆಳಕಿಗೂ ಸೆಕೆಗೂ ಹೂವಿನ ಘಮ ಮೊದಲು ಹಾಳಾಗುತ್ತದೆ. ಬಚ್ಚಲುಮನೆ ಇನ್ನೂ ಕೆಟ್ಟದ್ದು. ನುಸಿಗುಳಿಗೆ ಇಟ್ಟ ಅರೆಯಲ್ಲಿ ಮಾತ್ರ ಇಡಬೇಡಿ. ರವಿಕೆಗಳಿಗೆ ಘಮ ಬೇಕೆಂದರೆ ಹತ್ತಿಯ ಉಂಡೆಗೆ ಒಂದು ಸಲ ಹೊಡೆದು, ಪೂರ್ತಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಗಿಡಿ.

ಅರ್ಧ ಬೆಲೆಗೆ ಸಿಗುತ್ತದೆ ಅಂತ ಗೊತ್ತಿಲ್ಲದವರ ಹತ್ತಿರ ತರಿಸಬೇಡಿ. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಬಾಟಲಿಯ ತಳದ ಸಂಖ್ಯೆಯೂ ಒಂದೇ ಇದೆಯಾ ನೋಡಿ. ಮೊದಲ ಸಲ ಕೊಳ್ಳುವಾಗ 30 ಮಿಲಿಯದೇ ಸಾಕು. ಮದುಮಗಳಿಗೆ ಉಡುಗೊರೆ ಕೊಡುವುದಾದರೆ, ಅವಳಿಗೆ ಯಾವ ಹೂ ಇಷ್ಟ ಅಂತ ಅವಳ ತಾಯಿಯನ್ನೋ ಅಕ್ಕನನ್ನೋ ಮೊದಲು ಕೇಳಿ.